ಹಿಟ್ಟಿನಂತೆ ಕಂಡ ನೊರೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಬರೆಯುತ್ತಾ ಹೋದ ಹಾಗೆ ಸಾಲು ಮೇಲಕ್ಕೆ ಹತ್ತುತ್ತದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ನಮ್ಮ ಬೀದಿಯ ಗ್ರಂಥಾಲಯದ ಮೇಡಂ, "ನಿನಗೆ ಚೆನ್ನಾಗಿ ಗೊತ್ತಿರೋ ಒಬ್ಬರ ಬಗ್ಗೆ ಬರಿ, ನಮ್ಮ ಪತ್ರಿಕೆಗೆ ಹಾಕೋಣ" ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ಒಬ್ಬಳೇ, ನನ್ನ ದೊಡ್ಡಮ್ಮ. ಒಂದೊಂದು ವಾಕ್ಯವನ್ನೂ ಮೊದಲು ಹಳೇ ಬಿಲ್ಲಿನ ಹಿಂದೆ ಬರೆದು ನೋಡಿ ಆಮೇಲೆ ಇಲ್ಲಿಗೆ ಇಳಿಸಿದ್ದೇನೆ. ಆದರೂ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು ಅವಳ ಕೆಲಸ. ಅವಳು ತೊಳೆಯುತ್ತಿದ್ದ ಜಾಗ ಅಡುಗೆಮನೆಯ ಹಿಂದೆ, ಮೆಟ್ಟಿಲ ಕೆಳಗೆ. ಎರಡು ಸಿಮೆಂಟಿನ ತೊಟ್ಟಿ, ಒಂದು ನಲ್ಲಿ, ಗೋಡೆಯ ಮೇಲ್ಗಡೆ ಅಂಗೈಯಷ್ಟು ಕಿಟಕಿ. ಎದ್ದು ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತಿತ್ತು, ಹಾಗಾಗಿ ಸ್ವಲ್ಪ ಬಾಗಿಯೇ ನಿಲ್ಲಬೇಕು. ಮೊದಲು ಲೋಟ, ಆಮೇಲೆ ಚಮಚ, ಆಮೇಲೆ ತಟ್ಟೆ, ಕೊನೆಗೆ ಬಾಣಲೆ. "ಜಿಡ್ಡು ಕಂಡ ನೀರು ಲೋಟ ಕಾಣಬಾರದು" ಎನ್ನುತ್ತಿದ್ದಳು. ಅವಳು ಉಳಿದ ಅನ್ನ ನೋಡಿಯೇ ಗಿರಾಕಿಯ ಮನಸ್ಸು ಹೇಳುತ್ತಿದ್ದಳು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಅದು ಸುಳ್ಳು. ಅವಳು ತಟ್ಟೆ ನೋಡುತ್ತಿರಲಿಲ್ಲ, ತೊಳೆಯುತ್ತಿದ್ದಳು. ಬೆರಳ ಸಂದುಗಳು ಸೀಳಿ ಸದಾ ಕೆಂಪಗಿರುತ್ತಿದ್ದವು.

ನಾನು ಶಾಲೆ ಬಿಟ್ಟಿದ್ದಕ್ಕೆ ಅವಳು ಬೈಯಲಿಲ್ಲ. ಎದ್ದು ನಿಂತು ಓದು ಎಂದರೆ ನನಗೆ ಬಾಯಿ ಒಣಗುತ್ತಿತ್ತು, ಅದು ಅವಳಿಗೆ ಗೊತ್ತಿತ್ತು. ಹೋಟೆಲ್ ಯಜಮಾನರ ಮುಂದೆ ನನ್ನನ್ನು ನಿಲ್ಲಿಸಿ, "ಬಾಯಿಲ್ಲ, ಆದ್ರೆ ಕೈ ನೆಟ್ಟಗಿದೆ. ಇಟ್ಕೊಳ್ಳಿ" ಎಂದಳು. ಮೇಜು ಒರೆಸುವ ಕೆಲಸಕ್ಕೆ ಇಟ್ಟುಕೊಂಡರು.

ಆಗ ವ್ಯಾಪಾರ ಇಳಿದಿತ್ತು. ಎದುರುಗಡೆ ಬಣ್ಣದ ದೀಪದ ಹೊಸ ಅಂಗಡಿಗಳು ಬಂದಿದ್ದವು. ಯಜಮಾನರು ಒಬ್ಬ ಹುಡುಗನನ್ನು ಗೊತ್ತು ಮಾಡಿದರು. ಹೋಟೆಲಿನ ವೆಬ್‌ಸೈಟು, ಫೋನಿನಲ್ಲಿ ಬರುವ ಜಾಹೀರಾತು, ಅದನ್ನು ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು, ಯಾವ ಜಾಗಕ್ಕೆ ಬಂದು ಬಿಟ್ಟುಹೋದರು ಎಂದು ಲೆಕ್ಕ ಹಿಡಿಯುವುದು ಅವನ ಕೆಲಸ. ಪ್ರತಿ ಸೋಮವಾರ ಬಂದು ಬಣ್ಣಬಣ್ಣದ ಗೆರೆಗಳನ್ನು ತೋರಿಸುತ್ತಿದ್ದ. ಅಡುಗೆಯವರು ಅವನಿಗೆ ಗ್ರಾಫಣ್ಣ ಎಂದು ಹೆಸರಿಟ್ಟರು. ಕೆಟ್ಟವನಲ್ಲ. ಊಟ ಮಾಡಿದ ತಟ್ಟೆಯನ್ನು ತಾನೇ ಒಳಗೆ ತಂದಿಡುತ್ತಿದ್ದ.

ವಾರದ ನಡುವೆ ಅಂಕಿ ತೆಗೆಯಲು ಒಬ್ಬರು ಬೇಕಿತ್ತು. ಅವನು ನನಗೆ ಕಲಿಸಿದ. ನನಗೆ ಅದು ತುಂಬಾ ಹಿಡಿಸಿತು. ನಾನು ಜನರನ್ನು ನೋಡಬಹುದು, ಅವರು ನನ್ನನ್ನು ನೋಡುವುದಿಲ್ಲ.

"ನೋಡಿ ಸಾರ್, ಜನ ಬರ್ತಾರೆ, ಇಣುಕ್ತಾರೆ, ಹೋಗ್ತಾರೆ" ಎಂದ ಗ್ರಾಫಣ್ಣ ಒಂದು ಸೋಮವಾರ. "ಮೊದಲ ಫೋಟೋದಲ್ಲೇ ಖಾಲಿ ಮೇಜು. ಖಾಲಿ ಹೋಟೆಲಿಗೆ ಯಾರು ಬರ್ತಾರೆ?"

"ಮತ್ತೆ ತುಂಬಿದ ಹೋಟೆಲ್ ಎಲ್ಲಿಂದ ತರ್ಲಿ?" ಎಂದರು ಯಜಮಾನರು.

ಅವನು ನನ್ನ ಫೋನು ಇಸಿದುಕೊಂಡು ಅದರಲ್ಲಿದ್ದ ಫೋಟೋಗಳನ್ನು ಸರಿಸುತ್ತಾ ಹೋದ. ಒಂದರಲ್ಲಿ ದೊಡ್ಡಮ್ಮ ಇದ್ದಳು. ಅಡುಗೆಯವರು ಏನೋ ತಮಾಷೆ ಹೇಳಿದಾಗ ತೊಟ್ಟಿಯ ಮುಂದೆ ಎರಡೂ ಕೈ ಎತ್ತಿ ನಕ್ಕಿದ್ದಳು. ಕಿಟಕಿಯ ಬೆಳಕು ಮುಖದ ಮೇಲೆ ಬಿದ್ದಿತ್ತು, ಹಿಂದೆ ಹಬೆ, ಕೈ ತುಂಬ ಸೋಪಿನ ನೊರೆ.

"ಪಾತ್ರೆ ತೊಳೆಯೋಳ ಮುಖ ತೋರ್ಸಿ ಊಟ ಮಾರೋದಾ?" ಎಂದರು ಯಜಮಾನರು.

"ಪಾತ್ರೆ ಎಲ್ಲಿ ಕಾಣುತ್ತೆ ಸಾರ್?" ಎಂದು ಅವನು ಫೋಟೋದ ಕೆಳಭಾಗ ಕತ್ತರಿಸಿದ. ತೊಟ್ಟಿ ಹೋಯಿತು. "ಈಗ ನೋಡಿ. ಇದು ನೊರೆ ಅಲ್ಲ, ಹಿಟ್ಟು."

ನಿಜವಾಗಿಯೂ ಹಿಟ್ಟಿನ ಹಾಗೇ ಕಾಣಿಸಿತು. ಕೆಳಗೆ "ಅಜ್ಜಿಯ ಕೈಯಡುಗೆ" ಎಂದು ಬರೆದರು. ವೆಬ್‌ಸೈಟಿಗೆ ಬಂದವರಲ್ಲಿ ಅರ್ಧ ಜನಕ್ಕೆ ಖಾಲಿ ಮೇಜು, ಇನ್ನರ್ಧ ಜನಕ್ಕೆ ದೊಡ್ಡಮ್ಮ ಕಾಣುವ ಹಾಗೆ ಮಾಡಿದರು. ಖಾಲಿ ಮೇಜು ನೋಡಿದ ನೂರು ಜನರಲ್ಲಿ ಮೂವರು ಮೇಜು ಕಾಯ್ದಿರಿಸುವ ಗುಂಡಿ ಒತ್ತಿದರು. ದೊಡ್ಡಮ್ಮನನ್ನು ನೋಡಿದ ನೂರರಲ್ಲಿ ಹನ್ನೊಂದು ಜನ.

ಅವಳನ್ನು ಯಾರೂ ಕೇಳಿರಲಿಲ್ಲ. ನಾನು ತೋರಿಸಿದಾಗ, "ಅಯ್ಯೋ, ಬಿದ್ದಿರೋ ಹಲ್ಲು ಕಾಣ್ತಿದೆಯಲ್ಲೇ" ಎಂದಳು, ಅಷ್ಟೆ.

ಅಡುಗೆಯವರಿಗೆ ಮಾತ್ರ ಉರಿಯಿತು. "ಒಲೆ ಮುಂದೆ ಬೆಂದೋನು ನಾನು, ಹೆಸರು ನಿಂದಾ ಅಕ್ಕಾ?"

"ಸುಮ್ನಿರು ತಮ್ಮಾ. ನಾನು ಮಾಡಿದ್ದು ತಿಂದ್ರೆ ಜನ ಇಲ್ಲಿಂದ ಸೀದಾ ಆಸ್ಪತ್ರೆಗೆ ಹೋಗ್ತಾರೆ."

ಇದು ವಿನಯದ ಮಾತಲ್ಲ. ಅವಳ ಅಡುಗೆ ಉಂಡು ಬೆಳೆದವಳು ನಾನು. ಒಂದು ದಿನ ಉಪ್ಪಿಲ್ಲ, ಮರುದಿನ ಎರಡೂ ದಿನದ ಉಪ್ಪು.

ಜನ ಬರತೊಡಗಿದರು. ಬಂದವರು "ಅಜ್ಜಿ ಎಲ್ಲಿ?" ಎಂದು ಕೇಳತೊಡಗಿದರು. ಯಜಮಾನರು ಮೆಟ್ಟಿಲ ಕೆಳಗೆ ಬಗ್ಗಿ, "ಅಜ್ಜೀ, ಬನ್ನಿ ಹೊರಗೆ, ಕೂತ್ಕೊಳ್ಳಿ" ಎಂದರು. ಅಲ್ಲಿಯವರೆಗೆ "ಏ, ಲೋಟ ಎಲ್ಲಿ" ಎನ್ನುತ್ತಿದ್ದವರು. ದೊಡ್ಡಮ್ಮ ಹಿಂದೆ ತಿರುಗಿ ನೋಡಿದಳು, ಯಾವ ಅಜ್ಜಿಯನ್ನು ಕರೆಯುತ್ತಿದ್ದಾರೋ ಎಂದು.

ಊಟದ ಹಾಲಿನ ಕಿಟಕಿಯ ಪಕ್ಕ ಅವಳಿಗೆ ಕುರ್ಚಿ ಹಾಕಿದರು. ಮುಂದೆ ಪುಟ್ಟ ಮೇಜು, ಮೇಲೆ ಒಂದು ಬಟ್ಟಲು ಹಿಟ್ಟು. ದಿನಾ ಬೆಳಿಗ್ಗೆ ಕೈಗೆ ಹಿಟ್ಟು ಮೆತ್ತಿಕೊಂಡು ಕೂರಬೇಕು. ಮೊದಮೊದಲು ತಡೆಯಲಾರದೆ ಎದ್ದು ಹೋಗಿ ತೊಳೆದುಕೊಂಡು ಬರುತ್ತಿದ್ದಳು, ಯಜಮಾನರು ಮತ್ತೆ ಮೆತ್ತಿಸುತ್ತಿದ್ದರು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ" ಎಂದಳು ಒಂದು ದಿನ. "ಕೈ ನಂದು, ಬಾಯಿ ಅವರದ್ದು."

ಆದರೆ ನಿಧಾನಕ್ಕೆ ಅವಳಿಗೆ ಆ ಕುರ್ಚಿ ಇಷ್ಟವಾಯಿತು. ಇದನ್ನು ಬಿಟ್ಟು ಬರೆಯಬಾರದು. ಬೆರಳ ಸಂದುಗಳು ಮಾಗಿದವು. ಬೆನ್ನು ನೆಟ್ಟಗಾಯಿತು. ಸದಾ ಮೂಗು ಸುರಿಸುವ ಒಂದು ಮಗು ಅಪ್ಪನ ಜೊತೆ ಬರುತ್ತಿತ್ತು, ಬಂದ ಕೂಡಲೇ ಓಡಿ ಅವಳ ಹಿಟ್ಟಿಗೆ ಕೈ ಹಾಕುತ್ತಿತ್ತು. ಅವಳು ಅದರ ಮೂಗಿಗೆ ಬಿಳಿ ಬೊಟ್ಟು ಇಡುತ್ತಿದ್ದಳು. ಮನೆಗೆ ಬಂದು ಊಟ ಬಡಿಸುವಾಗ ಆ ಮಗುವಿನ ಸುದ್ದಿಯೇ.

ಬಂದ ಲಾಭದಲ್ಲಿ ಯಜಮಾನರು ಪಾತ್ರೆ ತೊಳೆಯುವ ಯಂತ್ರ ತಂದರು. ಮೆಟ್ಟಿಲ ಕೆಳಗಿನ ತೊಟ್ಟಿಗಳನ್ನು ಒಡೆದು ಅದನ್ನು ಕೂರಿಸಿದರು. ಅವತ್ತು ದೊಡ್ಡಮ್ಮ ಆ ಗುಂಯ್ ಸದ್ದು ಕೇಳುತ್ತಾ ನಿಂತಿದ್ದಳು. "ಈಗ ಈ ಕುರ್ಚಿ ಬಿಟ್ರೆ ನಂಗೆ ಇಲ್ಲಿ ಜಾಗ ಇಲ್ಲ, ಅಲ್ವೇನೇ?" ಎಂದಳು.

ಕೆಲವು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಗ್ರಾಫಣ್ಣ ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ, "ಅಲ್ಲಿ ಇಬ್ಬರು ಕೂರೋ ಮೇಜು ಹಿಡಿಯುತ್ತೆ ಸಾರ್. ಜನ ಬರ್ತಿರೋದು ಫೋಟೋ ನೋಡಿಯೋ, ಅಜ್ಜಿನ ನೋಡೋಕೋ? ಒಂದು ವಾರ ಅವರಿಲ್ಲದೆ ನೋಡೋಣ. ಮಿಕ್ಕಿದ್ದೆಲ್ಲಾ ಹಾಗೇ ಇರ್ಲಿ."

ಯಜಮಾನರು ದೊಡ್ಡಮ್ಮನ ಹತ್ತಿರ ಹೋಗಿ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು. "ಒಂದು ವಾರ ರಜೆ ತಗೊಳ್ಳಿ ಅಜ್ಜಿ. ಸಂಬಳ ಹಿಡಿಯಲ್ಲ. ವಯಸ್ಸಾಯ್ತಲ್ಲ."

ದಾರಿಯಲ್ಲಿ ಅವಳು ಕೇಳಿದಳು, "ಕೇಳದೆ ಕೊಟ್ಟ ರಜೆ ಎಂಥಾ ರಜೆನೇ? ನಿಂಗೆ ಗೊತ್ತಿರುತ್ತೆ, ಹೇಳು."

ಹೇಳಿದೆ. ಅವಳು ಹೆದರಲಿಲ್ಲ. ನಕ್ಕಳು. "ನೋಡ್ಲಿ, ನೋಡ್ಲಿ. ಆ ಸಿಂಬಳಬುರುಕ ಒಬ್ಬನೇ ಸಾಕು, ಹೋಟೆಲ್ ಹಾರಿಹೋಗೋ ಹಾಗೆ ಅಳ್ತಾನೆ."

ಆ ವಾರ ಕುರ್ಚಿಯ ಜಾಗದಲ್ಲಿ ಇಬ್ಬರ ಮೇಜು ಹಾಕಿದರು. ನಾನು ಅಂಕಿಗಳನ್ನು ಎಷ್ಟು ಸಲ ತೆಗೆದು ನೋಡಿದೆನೋ ಲೆಕ್ಕವಿಲ್ಲ. ಇಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹೋಟೆಲಿನ ಅನ್ನ ಉಣ್ಣುತ್ತಾ ಅದರ ವ್ಯಾಪಾರ ಇಳಿಯಲಿ ಎನ್ನುವುದು ಸರಿಯಲ್ಲ. ಆದರೂ ಬೇಡಿಕೊಂಡೆ.

ಮಗು ಬಂತು. ಕಿಟಕಿಯ ಕಡೆ ಓಡಿತು. ಅಲ್ಲಿ ಯಾರೋ ಗಂಡ ಹೆಂಡತಿ ಸೂಪು ಕುಡಿಯುತ್ತಿದ್ದರು. ಅದು ಸ್ವಲ್ಪ ಹೊತ್ತು ನಿಂತು ನೋಡಿತು. ಮಾಣಿ ಬಣ್ಣದ ಪೆನ್ಸಿಲ್ಲು, ಚಿತ್ರದ ಹಾಳೆ ಕೊಟ್ಟ. ಕೂತು ಗೀಚತೊಡಗಿತು. ಅಳಲಿಲ್ಲ. ಇನ್ನೊಂದಿಬ್ಬರು ಅಜ್ಜಿ ಎಲ್ಲಿ ಎಂದು ಕೇಳಿದರು. "ಒಳಗೆ ಅಡುಗೆ ಮಾಡ್ತಿದಾರೆ" ಎಂದ ಮಾಣಿ. ಅವರು ತಲೆಯಾಡಿಸಿ ಇನ್ನೊಂದು ರೊಟ್ಟಿ ಹೇಳಿದರು.

ವಾರದ ಕೊನೆಗೆ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಇದ್ದಳು. "ಎಷ್ಟು ಕಮ್ಮಿ ಆಯ್ತು?"

ನಾನು ಚಪ್ಪಲಿ ಬಿಡುತ್ತಾ ಬಗ್ಗಿಕೊಂಡೇ ಹೇಳಿದೆ. "ಕಮ್ಮಿ ಆಗಿಲ್ಲ ದೊಡ್ಡಮ್ಮ."

"ಸ್ವಲ್ಪಾನೂ?"

"ಒಂದು ಮೇಜು ಜಾಸ್ತಿ ಆಯ್ತಲ್ಲ. ಅಷ್ಟು ಹೆಚ್ಚೇ ಆಗಿದೆ."

"ಮಗು?"

"ಬಂದಿತ್ತು. ಹುಡುಕ್ತು."

"ಅತ್ತನಾ?"

ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ, ಅವಳಿಗೆ ಗೊತ್ತು. ಇಲ್ಲ ಎಂದು ತಲೆಯಾಡಿಸಿದೆ. ಅವಳು ಒಳಗೆ ಹೋಗಿ ಸ್ಟವ್ ಹಚ್ಚಿದಳು. ಏನಾದರೂ ಒಂದು ಒಳ್ಳೆಯ ಸುದ್ದಿ ಕೊಡೋಣವೆಂದು, ಆ ವಾರ ಗಿರಾಕಿಗಳು ಫೋನಿನಲ್ಲಿ ಬರೆದ ಅಭಿಪ್ರಾಯಗಳನ್ನು ತೆಗೆದೆ. ಅದರಲ್ಲಿ ಅಜ್ಜಿಯ ಮಾತು ಬಂದಿದ್ದ ಒಂದನ್ನು ಓದಿದೆ. "ಊಟ ರುಚಿಯಾಗಿತ್ತು. ಅಜ್ಜಿ ನಮ್ಮ ಮೇಜಿಗೇ ಬಂದು ತುಂಬಾ ಪ್ರೀತಿಯಿಂದ ಮಾತಾಡಿಸಿದರು."

ಓದಿದ ಮೇಲೆಯೇ ನನಗೆ ಹೊಳೆಯಿತು.

ದೊಡ್ಡಮ್ಮ ಸೌಟು ಹಿಡಿದುಕೊಂಡು ತಿರುಗಿದಳು. "ಈ ವಾರನಾ?"

"ಹೂಂ. ಬುಧವಾರ."

"ನಾನು ಮಾತಾಡಿಸಿದ್ನಂತಾ?" ನಕ್ಕಳು, ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಕೇಳಿದಳು, "ಏನು ಮಾತಾಡಿಸಿದೆ ಅಂತ ಬರ್ದಿದಾರಾ?"

ಸೋಮವಾರ ಯಜಮಾನರು ಅವಳನ್ನು ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು. "ನೀವು ಇನ್ನು ಆರಾಮಾಗಿ ಮನೇಲಿರಿ ಅಜ್ಜಿ" ಎಂದರು. ಕೆಲಸದಿಂದ ತೆಗೆಯುವಾಗಲೂ ನೀವು ಎಂದೇ ಅಂದರು.

"ಫೋಟೋ?" ಎಂದಳು ದೊಡ್ಡಮ್ಮ.

"ಫೋಟೋ ಇರುತ್ತೆ. ನಿಮ್ಮ ನೆನಪಿಗೆ."

"ನಾನಿನ್ನೂ ಸತ್ತಿಲ್ಲವಲ್ಲ ಸ್ವಾಮೀ."

ಯಜಮಾನರು ಬಾಯಿತುಂಬಾ ನಕ್ಕು ಗ್ರಾಫಣ್ಣನ ಕಡೆ ನೋಡಿದರು. ಗ್ರಾಫಣ್ಣ ಲ್ಯಾಪ್‌ಟಾಪು ನೋಡುತ್ತಿದ್ದ. ಅಡುಗೆಯವರು ಒಳಗಿಂದ ಬಂದು ಒಂದು ಪೊಟ್ಟಣ ಕಟ್ಟಿಕೊಟ್ಟರು. "ತಗೋ ಅಕ್ಕಾ, ನಿನ್ನ ಕೈಯಡುಗೆ" ಎಂದರು. ಅವರು, ದೊಡ್ಡಮ್ಮ, ಇಬ್ಬರೇ ನಿಜವಾಗಿ ನಕ್ಕಿದ್ದು.

ಮನೆಗೆ ಬಂದ ಮೇಲೆ ನಾನು, "ವೆಬ್‌ಸೈಟಿನ ಪಾಸ್‌ವರ್ಡ್ ನನ್ನ ಹತ್ರ ಇದೆ. ಈಗಲೇ ಫೋಟೋ ತೆಗೆದುಹಾಕ್ತೀನಿ" ಎಂದೆ. ಇಷ್ಟು ಉದ್ದದ ಮಾತನ್ನು ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

"ತೆಗೀಬೇಡ" ಎಂದಳು. "ನಾಳೆ ನಿನ್ನನ್ನೂ ತೆಗೀತಾರೆ. ಬಾಡಿಗೆ ಯಾರು ಕಟ್ತಾರೆ, ಗ್ರಾಫಣ್ಣನಾ? ಇರ್ಲಿ ಬಿಡು. ಅಲ್ಲಾದ್ರೂ ನಾನು ಕೆಲಸದಲ್ಲಿರ್ಲಿ."

ಹೇಳಿ ಕೈ ತೊಳೆಯಲು ಹೋದಳು. ಕೈಯಲ್ಲಿ ಏನೂ ಇರಲಿಲ್ಲ. ಬಹಳ ಹೊತ್ತು ತೊಳೆದಳು.

ಹೋಟೆಲಿನವರು ಈಗ ಇನ್ನೊಂದು ಶಾಖೆ ತೆರೆಯುತ್ತಿದ್ದಾರೆ. ಅದರ ಗೋಡೆಗೆ ದೊಡ್ಡಮ್ಮನ ಫೋಟೋವನ್ನು ಆಳೆತ್ತರ ಮಾಡಿಸಬೇಕಂತೆ. ನಾಳೆ ಬೆಳಿಗ್ಗೆ ನಾನು ಅವಳನ್ನು ಆಸ್ಪತ್ರೆಯ ಕ್ಯಾಂಟೀನಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಪಾತ್ರೆ ತೊಳೆಯಲು ಜನ ಬೇಕಾಗಿದ್ದಾರೆ. ಅವಳನ್ನು ಅಲ್ಲಿ ಬಿಟ್ಟು, ಹೋಟೆಲಿಗೆ ಹೋಗಿ, ಫೋಟೋ ಅಳತೆಗೆ ಸರಿಮಾಡಿ ಅಚ್ಚು ಹಾಕುವವರಿಗೆ ಕಳಿಸುತ್ತೇನೆ.