ಕೃಷ್ಣಪ್ಪನವರನ್ನು ನಡೆಸಿದ ಪಂಕಜಾ ಆಂಟಿ

ಪಂಕಜಾ ಆಂಟಿ ಯಾರನ್ನೇ ಮೊದಲ ಸಲ ಕಂಡರೂ ಮುಖ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ಕಸಾಯಿಯವನು ಕುರಿಯನ್ನು ನೋಡುವ ಹಾಗೆ ಎಂದು ನಾನು ಅಂದರೆ, “ಟೈಲರ್ ನೋಡೋ ಹಾಗೆ ಅನ್ನೋ, ನಾಲ್ಗೆ ಉದ್ದ ನಿಂಗೆ” ಎಂದು ತಿದ್ದುತ್ತಿದ್ದರು. ಚಿಕ್ಕಲಸಂದ್ರದಲ್ಲಿ ಕಾಂಡಿಮೆಂಟ್ಸ್ ಅಂಗಡಿಯ ಮಹಡಿಯ ಮೇಲಿದ್ದ ಅವರ ಕೋಣೆಗೆ ನಾನು ಮೊದಲು ಹೋದ ದಿನ ನನ್ನನ್ನೂ ಹಾಗೆಯೇ ಅಳೆದರು. “ಬಲಗೈ ಸುಲಭ. ಎಡಗೈ ಜೇಬಲ್ಲಿ ಇಟ್ಕೊಂಡಿದೀಯ, ಬಿಡಿಸೋದು ಕಷ್ಟ. ಆಚೆ ತೆಗಿ.” ಹೆಸರು ಕೇಳಿದ್ದು ಆಮೇಲೆ.

ಅವರು ಮೊದಲು ಲೇಡೀಸ್ ಟೈಲರ್. ಬ್ಲೌಸ್ ಹೊಲಿದು ಹೊಲಿದು ಬೇಸರವಾಗಿ, ಮಗಳು ಬಿಟ್ಟುಹೋದ ಕಂಪ್ಯೂಟರಿನಲ್ಲಿ ವಿಡಿಯೋ ಎಡಿಟಿಂಗ್ ಕಲಿತವರು. ನಿಂತ ಫೋಟೋಗಳನ್ನು ಓಡಾಡಿಸುವುದು ಅವರ ಕಸುಬು. ಮದುವೆ, ಷಷ್ಟಿಪೂರ್ತಿ, ತಿಥಿ, ಯಾವುದಾದರೂ ಸರಿ. ಫೋಟೋದಿಂದ ಮನುಷ್ಯನನ್ನಷ್ಟೇ ಕತ್ತರಿಸಿ ತೆಗೆದು, ಹಿಂದಿನ ಗೋಡೆ, ಗಿಡ, ಪರದೆಯನ್ನೆಲ್ಲ ಅಳಿಸುವರು. ಅಳಿಸಿದ ಜಾಗದಲ್ಲಿ ‘ಇಲ್ಲಿ ಏನೂ ಇಲ್ಲ’ ಎನ್ನುವುದಕ್ಕೆ ಕಂಪ್ಯೂಟರ್ ಬೂದು-ಬಿಳಿ ಚೌಕಗಳನ್ನು ತೋರಿಸುತ್ತದೆ. ಗಿರಾಕಿಗಳು ಬಂದು, “ನಮ್ಮತ್ತೇನ ಯಾಕೆ ಬಾತ್‌ರೂಮ್ ಟೈಲ್ಸ್ ಮುಂದೆ ನಿಲ್ಸಿದೀರ?” ಎಂದು ಕೇಳುತ್ತಿದ್ದರು. ಆಂಟಿ ಉತ್ತರಿಸುವ ಗೋಜಿಗೆ ಹೋಗದೆ ಅತ್ತೆಯ ಮೊಣಕೈ ಬೇರೆ ಮಾಡುತ್ತಿದ್ದರು.

ಹೌದು, ಬೇರೆ ಮಾಡುವುದೇ. ತಲೆ ಒಂದು ಪದರ, ಮುಂಗೈ ಒಂದು, ತೊಡೆ ಒಂದು. ಒಂದೊಂದನ್ನೂ ಕೀಲಿನ ಹತ್ತಿರ ಚೂರು ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಬ್ಲೌಸಿಗೆ ಒಳಗೆ ಬಟ್ಟೆ ಬಿಡುವುದಿಲ್ಲವೇ, ಹಾಗೆ. ಬಿಡದಿದ್ದರೆ ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಕಿಂಡಿ. ಕೈಯ ಹಿಂದೆ ಅಡಗಿದ್ದ ಅಂಗಿಯನ್ನೂ ಅಕ್ಕಪಕ್ಕದಿಂದ ಕದ್ದು ತುಂಬಬೇಕು. “ಫೋಟೋದಲ್ಲಿ ಕಾಣ್ದೇ ಇರೋದನ್ನ ಮೊದ್ಲು ಹೊಲಿ, ಆಮೇಲೆ ಕಾಣೋದನ್ನ ಅಲ್ಲಾಡ್ಸು” ಎನ್ನುವುದು ಅವರ ಗಾದೆ.

ನನ್ನ ವೃತ್ತಿ ಮಿಮಿಕ್ರಿ. ವೃತ್ತಿ ಎನ್ನುವವನು ನಾನು ಮಾತ್ರ, ನಮ್ಮಪ್ಪ ಅದನ್ನು ಚಟ ಎನ್ನುತ್ತಾರೆ. ವಿಡಿಯೋಗಳಿಗೆ ಧ್ವನಿ ಕೊಡೋಣವೆಂದು ಗಂಟಲು ಸರಿಮಾಡಿಕೊಂಡು ಹೋಗಿದ್ದೆ. “ಧ್ವನಿ ಯಾರಿಗೆ ಬೇಕು? ನಡೆದು ತೋರ್ಸು” ಎಂದರು. ನಮ್ಮ ಬೀದಿಯ ಇಸ್ತ್ರಿಯವನ ಹಾಗೆ ನಡೆದೆ, ಹೌಸ್ ಓನರ್ ಹಾಗೆ ನಡೆದೆ, ಕೊನೆಗೆ ಆಂಟಿಯ ಹಾಗೆಯೇ ಹಿಮ್ಮಡಿ ಸವೆಸಿಕೊಂಡು ನಡೆದೆ. ನಗಲಿಲ್ಲ. “ನಾಳೆಯಿಂದ ಬಾ.”

ಕೆಲಸ ಹೀಗಿತ್ತು. ಫೋಟೋದಲ್ಲಿರುವವರ ಮನೆಗೆ ನಾವಿಬ್ಬರೂ ಹೋಗುವುದು. ಅವರು ಹೇಗೆ ಏಳುತ್ತಿದ್ದರು, ಹೇಗೆ ತಿರುಗುತ್ತಿದ್ದರು ಎಂದು ಮನೆಯವರನ್ನು ಕೇಳುವುದು. ಹೇಳಿದ್ದನ್ನು ನಾನು ನಡುಮನೆಯಲ್ಲಿ ಮಾಡಿ ತೋರಿಸುವುದು. ಮನೆಯವರು ಒಪ್ಪುವವರೆಗೆ ಆಂಟಿ ಫೋಟೋಗೆ ಕೈ ಹಚ್ಚುತ್ತಿರಲಿಲ್ಲ. “ಕಾಲು ನೆಲ ಕಚ್ಬೇಕು. ಜಾರಿದ್ರೆ ಅದು ಮನುಷ್ಯ ಅಲ್ಲ, ಸ್ಟಿಕ್ಕರ್.”

ನಾನೂ ಒಂದು ಸ್ಟಿಕ್ಕರ್ ಮಾಡಿದ್ದುಂಟು. ಜೆ.ಪಿ. ನಗರದ ಒಂದು ಹುಟ್ಟುಹಬ್ಬಕ್ಕೆ ಆಂಟಿ ಕತ್ತರಿಸಿಟ್ಟ ತಾತನನ್ನು ನಾನು ಜಾಣತನದಿಂದ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದೆ. ಹಾಗೆ ಕಳಿಸಿದರೆ ಅಳಿಸಿದ ಹಿನ್ನೆಲೆ ಉಳಿಯುವುದಿಲ್ಲ, ಬಿಳಿ ಬಣ್ಣ ತುಂಬಿಕೊಳ್ಳುತ್ತದೆ. ಅಲ್ಲಿಯ ಹುಡುಗರು ಅದನ್ನೇ ಹಾಕಿದರು. ತಾತ ಕ್ಯಾರಂ ಬೋರ್ಡಿನಂಥ ಬಿಳಿ ಚೌಕಕ್ಕೆ ಅಂಟಿಕೊಂಡು ಪರದೆಯ ತುಂಬ ಜಾರಾಡಿದರು. ಆಂಟಿ ವಾರವಿಡೀ ನನ್ನನ್ನು ‘ಕ್ಯಾರಂ’ ಎಂದೇ ಕರೆದರು.

ಅವರ ಹಟವನ್ನು ನಾನು ಪೂರ್ತಿ ಕಂಡದ್ದು ಬೇಗೂರಿನಲ್ಲಿ. ಅಲ್ಲಿನ ಹಳೆಯ ಕುಟುಂಬದ ನಾಗರಾಜ, ಹೊಲವಿದ್ದ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟಿಸಿ, ಅದಕ್ಕೆ ತೀರಿಹೋದ ಅಪ್ಪ ಕೃಷ್ಣಪ್ಪನವರ ಹೆಸರಿಟ್ಟಿದ್ದರು. ಉದ್ಘಾಟನೆಯ ದಿನ ದೊಡ್ಡ ಪರದೆಯಲ್ಲಿ ಅಪ್ಪ ನಡೆದು ಬರಬೇಕು. ಇದ್ದದ್ದು ಒಂದೇ ಫೋಟೋ, ಸ್ಕೂಟರಿಗೆ ಒರಗಿ ನಿಂತದ್ದು.

ನಡುಮನೆಯ ಮೂಲೆಯಲ್ಲಿ ನಾಗರಾಜನ ತಾಯಿ ಜಯಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನಾಗರಾಜ ಹೇಳಿದಂತೆ ನಾನು ಎದೆಯುಬ್ಬಿಸಿ ನಡೆದೆ.

“ಅಮ್ಮ, ಇವ್ರು ನಿಮ್ಮೆಜಮಾನ್ರಾ?” ಎಂದು ಆಂಟಿ ಕೇಳಿದರು.

ಜಯಮ್ಮ ತಲೆಯೆತ್ತಿ ನೋಡಿ, “ಯಾರೋ ಬ್ಯಾಂಕಿನೋರು ಬಂದಂಗೈತೆ” ಎಂದು ಮತ್ತೆ ಕಾಯಿಗೆ ಕೈ ಹಾಕಿದರು.

ಆಂಟಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು. “ಈ ಎಡಗಾಲು ನೆಲಕ್ಕೆ ತಾಗಿಲ್ವಲ್ಲ?”

ನಾಗರಾಜ ಫೋಟೋಗೆ ಕೈ ಚಾಚಿ, “ಅದು ಬೇಡ ಆಂಟಿ. ಊರೋರೆಲ್ಲ ಕುಂಟ ಕೃಷ್ಣಪ್ಪ ಅಂತಿದ್ರು. ಅದಕ್ಕೇ ಸ್ಕೂಲಲ್ಲಿ ಎಷ್ಟು ಜನರ ಹತ್ರ ಹೊಡೆದಾಡಿದೀನೋ. ಅವತ್ತೊಂದಿನ ಆದ್ರೂ ನಮ್ಮಪ್ಪ ಊರ ಮುಂದೆ ನೆಟ್ಟಗೆ ನಡೀಲಿ” ಎಂದರು.

“ನೆಟ್ಟಗೆ ನಡೆದು ಬಂದ್ರೆ ನಿಮ್ಮಮ್ಮಂಗೆ ಅದು ಯಾರೋ ಗಂಡಸು” ಎಂದ ಆಂಟಿ ನನ್ನತ್ತ ತಿರುಗಿ, “ಕುಂಟಿ ತೋರ್ಸು” ಎಂದರು.

ಸ್ಟೇಜಿನ ಮೇಲೆ ಕುಂಟಿದರೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ಏನು ಬೀಳುತ್ತದೋ ಎಂದು ನಾಗರಾಜನ ಕೈ ನೋಡಿಕೊಂಡೇ ಹೆಜ್ಜೆ ಇಟ್ಟೆ. ಜಯಮ್ಮ ಅವರೆಕಾಯಿ ಮೊರ ಪಕ್ಕಕ್ಕೆ ಸರಿಸಿದರು.

“ಅಷ್ಟಿಲ್ಲ ಕಣಪ್ಪ. ಸೊಂಟ ಬಗ್ಗಿಸ್ಬ್ಯಾಡ, ಅವ್ರು ಯಾರ ಮುಂದೂ ಬಗ್ಗಿದೋರಲ್ಲ. ಕೈ ತೊಡೆ ಮ್ಯಾಲೆ ಊರು. ಇನ್ನೂ ಕೆಳೀಕೆ. ಹ್ಞೂಂ.” ಸ್ವಲ್ಪ ಹೊತ್ತು ನೋಡಿ, “ಈಗ ಬಂದ್ರು” ಎಂದರು.

ನಾಗರಾಜ ಎದ್ದು ಅಂಗಳಕ್ಕೆ ಹೋದರು. ನಾವು ಹೊರಟಾಗ ಗೇಟಿನ ಹತ್ತಿರ, “ಈಗೆಲ್ಲ ಆ್ಯಪ್‌ನಲ್ಲಿ ಫೋಟೋ ಹಾಕಿದ್ರೆ ಅದೇ ನಡಿಸ್ತದಂತೆ. ಅದ್ರಲ್ಲೇ ಮಾಡಿಸ್ಕೊಳ್ತೀನಿ ಬಿಡಿ” ಎಂದರು.

“ಮಾಡಿಸ್ಕೊಳ್ಳಿ. ನಂದೂ ತರ್ತೀನಿ. ಯಾವ್ದು ಹಾಕ್ತೀರೋ ನಿಮ್ಮಿಷ್ಟ” ಎಂದು ಆಂಟಿ ನನ್ನ ಸ್ಕೂಟರ್ ಹತ್ತಿದರು.

ನಾಗರಾಜ ಬೇಡವೆಂದ ಆ ಕೆಲಸಕ್ಕೆ ಅವರು ಕೂತ ಹಾಗೆ ಬೇರೆ ಯಾವುದಕ್ಕೂ ಕೂತದ್ದನ್ನು ನಾನು ನೋಡಲಿಲ್ಲ. ಫೋಟೋದ ಸ್ಕೂಟರನ್ನು ಅಳಿಸಿದರು. ಅದರ ಹಿಂದೆ ಅಡಗಿದ್ದ ಪಂಚೆಯನ್ನು ಅಂಚು ಕೂಡಿಸಿ ಹೊಲಿದ ಹಾಗೆ ತುಂಬಿದರು. ಸೊಂಟದ ಕೀಲನ್ನು ಹಿಡಿಯಲು ನನ್ನನ್ನೇ ನಿಲ್ಲಿಸಿ ಟೇಪಿನಲ್ಲಿ ಅಳೆದರು. “ಇನ್ನೊಂದ್ಸಲ ನಡಿ. ಕೃಷ್ಣಪ್ಪ ನಡೀಲಿ ಅಂದೆ, ನೀನಲ್ಲ” ಎಂದು ಗದರಿದರು. ಒಂದು ಬೆಳಿಗ್ಗೆ ನಾನು ತರಕಾರಿ ತರಲು ಹೋದಾಗ, “ಯಾಕೋ ಕಾಲು ನೋವಾ?” ಎಂದು ಅಂಗಡಿಯಾಕೆ ಕೇಳಿದಳು. ನನಗೇ ಗೊತ್ತಿಲ್ಲದೆ ಕುಂಟುತ್ತಿದ್ದೆ.

ಉದ್ಘಾಟನೆಯ ದಿನ ನಾಗರಾಜ ನಮ್ಮನ್ನು ಪಕ್ಕಕ್ಕೆ ಕರೆದು ಆ್ಯಪ್‌ನ ವಿಡಿಯೋ ತೋರಿಸಿದರು. ಸಖತ್ತಾಗಿತ್ತು. ಕೃಷ್ಣಪ್ಪ ಹಲ್ಲು ಬಿಟ್ಟು ನಗುತ್ತ, ಪ್ಯಾಂಟು ಜಾಹೀರಾತಿನವರ ಹಾಗೆ ಬರುತ್ತಿದ್ದರು. ಆಂಟಿ ಅದನ್ನು ಹಳಿಯದೆ ತಮ್ಮ ಪೆನ್‌ಡ್ರೈವ್ ಮುಂದೆ ಹಿಡಿದರು. ನಾಗರಾಜ ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಿಯನ್ನು ನೋಡಿದರು. ಫೋನ್ ಜೇಬಿಗಿಟ್ಟು, ಪೆನ್‌ಡ್ರೈವ್ ತೆಗೆದುಕೊಂಡು ಲ್ಯಾಪ್‌ಟಾಪಿನ ಹುಡುಗನಿಗೆ ಕೊಟ್ಟರು.

ಪರದೆಯ ಮೇಲೆ ಅದೇ ಮಂಟಪದ ಬಾಗಿಲು, ಮೆಟ್ಟಿಲು. ಎಡಗಡೆಯಿಂದ ಕೃಷ್ಣಪ್ಪ ಬಂದರು. ತೊಡೆಯ ಮೇಲೆ ಕೈ, ಸೊಂಟ ನೆಟ್ಟಗೆ, ಎಡಗಾಲು ಎಳೆದು ಊರಿ, ಎಳೆದು ಊರಿ. ಹಿಂದಿನ ಸಾಲಿನ ಮುದುಕರೊಬ್ಬರು, “ಅರೆ, ನಮ್ ಕೃಷ್ಣಣ್ಣ” ಎಂದು ಎದ್ದೇ ನಿಂತರು. ಮೆಟ್ಟಿಲ ಹತ್ತಿರ ಬಂದಾಗ ಜಯಮ್ಮ ಗಟ್ಟಿಯಾಗಿ, ಮನೆಯಲ್ಲಿ ಹೇಳುವ ಹಾಗೆ, “ಮೆಟ್ಲೈತೆ, ನೋಡ್ಕಂಡು ಬನ್ನಿ” ಎಂದರು. ಯಾರೂ ನಗಲಿಲ್ಲ. ನಾಗರಾಜ ಪರದೆಗೆ ಬೆನ್ನು ಹಾಕಿ ತುಂಬ ಹೊತ್ತು ನಿಂತರು. ಆಮೇಲೆ ಹುಡುಗನಿಗೆ, “ಇನ್ನೊಂದ್ಸಲ ಹಾಕು” ಎಂದರು.

ನನ್ನ ಪಕ್ಕದಲ್ಲಿ ಆಂಟಿಯ ಮುಖ ಸಪ್ಪಗಿತ್ತು. “ಮೆಟ್ಲು ಹತ್ತೋವಾಗ ಎಡಗಾಲು ಚೂರು ಬೇಗ ಬಂತು. ನಾಳೆ ಸರಿ ಮಾಡೋಣ.”

“ಎಲ್ಲ ನೋಡಾಯ್ತಲ್ಲ ಆಂಟಿ, ಇನ್ಯಾರು ನೋಡ್ತಾರೆ?”

“ಆಯಮ್ಮ ನೋಡ್ತಾರೆ.”

ಮರುದಿನ ಮತ್ತೆ ನಡೆದೆ. ಆಂಟಿ ಕಾಲನ್ನು ಕಣ್ಣಿಗೆ ಕಾಣದಷ್ಟು ತಡ ಮಾಡಿದರು. ನನಗಂತೂ ಎರಡೂ ಒಂದೇ ಆಗಿ ಕಂಡವು. “ನೀನೇ ಕೊಟ್ಟು ಬಾ, ನಾನು ಹುಬ್ಬಳ್ಳಿಗೆ ಮಗಳ ಮನೆಗೆ ಹೊರಡ್ಬೇಕು” ಎಂದು ಪೆನ್‌ಡ್ರೈವ್ ಕೊಟ್ಟರು. ಸಂಜೆ ಬೇಗೂರಿಗೆ ಹೋಗಿ ಟಿ.ವಿ.ಗೆ ಹಾಕಿ ಕೊಟ್ಟೆ. ಏನು ಬದಲಾಗಿದೆ ಎಂದು ಹೇಳಲಿಲ್ಲ. ಜಯಮ್ಮ ಕಡೆಯವರೆಗೂ ನೋಡಿ, “ನೆನ್ನೆ ಯಾಕೋ ಅವಸರದಾಗಿದ್ರು. ಇವತ್ತು ಸರಿಹೋಯ್ತು” ಎಂದರು.

ಅಂಗಳಕ್ಕೆ ಬಂದು ಆಂಟಿಗೆ ಫೋನ್ ಮಾಡಿ, ಜಯಮ್ಮನ ದನಿಯಲ್ಲೇ ಆ ಮಾತು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ರೈಲಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ, “ಹ್ಞೂಂ. ಊಟ ಮಾಡ್ಕೊಂಡು ಹೋಗು” ಎಂದು ಇಟ್ಟರು.

ಹುಬ್ಬಳ್ಳಿಯಲ್ಲೇ ಅವರಿಗೆ ಹೃದಯಾಘಾತವಾಯಿತು. ವಾಪಸು ಬರಲಿಲ್ಲ.

ಆಂಟಿಯನ್ನು ಬಲ್ಲವರು ಸಿಕ್ಕಾಗ, “ಎಲ್ಲಿ, ಅವ್ರನ್ನ ಒಂದ್ಸಲ ಮಾಡಿ ತೋರ್ಸು” ಎನ್ನುತ್ತಾರೆ. ಮಾಡುತ್ತೇನೆ. ಭುಜ ನೋಡುವುದು ಬರುತ್ತದೆ, ಗದರುವುದು ಬರುತ್ತದೆ, ಹಿಮ್ಮಡಿಯ ನಡಿಗೆಯೂ ಬರುತ್ತದೆ. ಜಯಮ್ಮನ ಆ ಮಾತು ಕಿವಿಗೆ ಬಿದ್ದಾಗ ರೈಲಿನ ಕಿಟಕಿಯ ಪಕ್ಕ ಕೂತಿದ್ದ ಆಂಟಿಯ ಮುಖ ಹೇಗಾಯಿತೋ, ಅದೊಂದನ್ನು ನಾನು ನೋಡಲಿಲ್ಲ. ಅದೊಂದು ನನಗೆ ಬರುವುದಿಲ್ಲ.