ಕಾರಿನ ಸ್ಟೀರಿಯೊದಲ್ಲಿ ಕಂಡ ಚಿಕ್ಕಿ

ಇಂಥ ಸಂಗತಿಗಳನ್ನು ಬೇರೆಯವರು ಬರೆದಾಗ ನಾನು ನಂಬಿದವನಲ್ಲ. ಬರೆದವರಿಗೆ ನಿದ್ದೆ ಸಾಲದೇ ಹೋಗಿರಬೇಕು, ಇಲ್ಲವೇ ಪಿತ್ತ ಹೆಚ್ಚಿರಬೇಕು ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ನಾನು ಹೆದರುಪುಕ್ಕಲ, ಅದು ನಿಜ. ಆದರೆ ನನ್ನ ಹೆದರಿಕೆಗಳೆಲ್ಲ ಶುದ್ಧ ಲೌಕಿಕವಾದವು: ಗ್ಯಾಸ್ ಸಿಲಿಂಡರು, ಮೊಬೈಲಿಗೆ ಬರುವ ಒಟಿಪಿ, ಮಳೆಗಾಲದಲ್ಲಿ ಬಾವಿಯ ಕಟ್ಟೆ. ದೆವ್ವ ಭೂತಗಳಿಗೆ ಹೆದರಲು ನನಗೆ ಪುರುಸೊತ್ತೇ ಸಿಕ್ಕಿರಲಿಲ್ಲ.

ಇವುಗಳಲ್ಲೆಲ್ಲ ದೊಡ್ಡ ಹೆದರಿಕೆ ಕಾರನ್ನು ಹಿಂದಕ್ಕೆ ತೆಗೆಯುವುದು. ಹಟ್ಟಿಕೇರಿಯ ನಮ್ಮ ಮನೆಯಂಗಳದಲ್ಲಿ ಕಾರು ತಿರುಗಿಸಲು ಜಾಗವಿಲ್ಲ. ಸಂಜೆ ಮೂತಿಯನ್ನು ಜಗಲಿಯ ಕಡೆ ಮಾಡಿ ನಿಲ್ಲಿಸಿದರೆ ಬೆಳಿಗ್ಗೆ ಹಿಮ್ಮುಖವಾಗಿಯೇ ಗೇಟು ದಾಟಬೇಕು. ನಮ್ಮ ಜೊತೆಗಿರುವ ಚಿಕ್ಕಿಗೆ, ಅಂದರೆ ನನ್ನ ಅಮ್ಮನ ತಂಗಿಗೆ, ಕಿವಿ ಅಷ್ಟಕ್ಕಷ್ಟೆ. ಹುಲ್ಲು ಕೀಳುತ್ತಲೋ, ಒಣಗಲು ಹಾಕಿದ ಮುರುಗಲು ಸಿಪ್ಪೆ ತಿರುವುತ್ತಲೋ ಅಂಗಳದಲ್ಲಿ ಎಲ್ಲೆಂದರಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾಳೆ. ಒಂದು ದಿನ ಕಾರಿನ ಹಿಂದೆಯೇ ಕೂತಿದ್ದರೆ? ಈ ಯೋಚನೆಯಿಂದ ನಾನು ದಿನಾ ಬೆಳಿಗ್ಗೆ ಕಾರಿಗೊಂದು ಸುತ್ತು ಬಂದು ಒಳಗೆ ಕೂತು, ಅಷ್ಟರಲ್ಲಿ ಸಂಶಯ ಬಂದು ಇಳಿದು, ಇನ್ನೊಂದು ಸುತ್ತು ಹಾಕಿಯೇ ಕಾರವಾರದ ಆಫೀಸಿಗೆ ಹೊರಡುತ್ತಿದ್ದೆ.

"ದೇವಸ್ಥಾನದಲ್ಲೂ ನೀವು ಇಷ್ಟು ಪ್ರದಕ್ಷಿಣೆ ಹಾಕಿದ್ದು ಕಾಣ್ಲಿಲ್ಲ ನಾನು," ಎಂದು ಹೆಂಡತಿ ಸುಮಂಗಲಾ ನಗುತ್ತಿದ್ದಳು. ಕೊನೆಗೆ ಅವಳೇ ಉಪಾಯ ಹೇಳಿದಳು. ಹೇಗೂ ಕಾರಿನ ಹಳೆಯ ಸ್ಟೀರಿಯೊ ಗೊರಗೊರ ಅನ್ನುತ್ತಿತ್ತು. ಅದನ್ನು ತೆಗೆದು ದೊಡ್ಡ ಪರದೆಯ ಹೊಸದನ್ನು ಹಾಕಿಸಿದರೆ ಹಿಂದೊಂದು ಕ್ಯಾಮೆರಾ ಕೂಡಿಸಬಹುದು. ರಿವರ್ಸ್ ಗೇರ್ ಹಾಕಿದ ಕೂಡಲೇ ಹಿಂದಿನದೆಲ್ಲ ಪರದೆಯಲ್ಲಿ ಕಾಣುತ್ತದೆ.

ಕಾರವಾರದ ಒಂದು ಅಂಗಡಿಯಲ್ಲಿ ಹಾಕಿಸಿದೆ. ಅಲ್ಲಿಂದ ಶುರುವಾಯಿತು ನನ್ನ ವನವಾಸ. ಮೊದಲ ದಿನ ಪರದೆ ಹೊತ್ತಿಕೊಂಡಿದ್ದು ಚೀನೀ ಅಕ್ಷರಗಳಲ್ಲಿ. ಅದನ್ನು ಸರಿಮಾಡಿಸಿದರೆ ಎಡಗಡೆಯ ಸ್ಪೀಕರ್ ಸತ್ತಿತು. ಸ್ಪೀಕರ್ ಬದುಕಿದ ಮೇಲೆ ಹಾರ್ನ್ ಒತ್ತಿದಾಗಲೆಲ್ಲ ಹಾಡು ಬದಲಾಗತೊಡಗಿತು. ಹೈವೇಯಲ್ಲಿ ಎಮ್ಮೆ ಅಡ್ಡ ಬಂತೆಂದು ಹಾರ್ನ್ ಮಾಡಿದರೆ ಭಜನೆ ಹೋಗಿ ಡಿಸ್ಕೊ ಬರುತ್ತಿತ್ತು. ಎಮ್ಮೆ ಮಾತ್ರ ಎರಡಕ್ಕೂ ಕದಲುತ್ತಿರಲಿಲ್ಲ. ಇಷ್ಟಾದರೂ ಕ್ಯಾಮೆರಾದ ಸುದ್ದಿಯೇ ಇಲ್ಲ. ಅದು ಹುಬ್ಬಳ್ಳಿಯಿಂದ ಬರಬೇಕಿತ್ತು.

ವಯರಿಂಗ್ ಮಾಡುವ ರೂಪೇಶನ ಬಳಿ ಹೋದಾಗಲೆಲ್ಲ ಒಂದೇ ಮಾತು. "ಸರ್, ಸೆಟ್ಟು ಹೊಸದು ಅಲ್ಲ? ಗಾಡಿಗೆ ಹೊಂದ್ಕಣೂಕೆ ಸ್ವಲ್ಪ ಟಾಯಮ್ ಬೇಕು."

"ಹೊಂದಿಕೊಳ್ಳೂಕೆ ಅದೇನು ಸೊಸೆಯೇನೋ?" ಎಂದು ರೇಗಿದೆ.

"ಸೊಸೆ ಆದ್ರೆ ನಿಮ್ಮನ್ನೇ ಹೊಂದ್ಸ್ಕಂತಿತ್ತು ಸರ್," ಎಂದು ಹಲ್ಲು ಕಿರಿದ. ಇಂಥವರ ಮೇಲೆ ಸಿಟ್ಟು ಮಾಡಿಕೊಂಡು ನಮ್ಮ ಬಿಪಿ ಏರುತ್ತದೆಯೇ ಹೊರತು ಕೆಲಸವಾಗುವುದಿಲ್ಲ.

ಕೊನೆಗೊಂದು ದಿನ ಅಂಗಡಿಯಿಂದ ಫೋನು ಬಂತು: ಕ್ಯಾಮೆರಾ ಬಂದಿದೆ, ಕಾರು ಬಿಟ್ಟು ಹೋಗಿ. ಬೆಳಿಗ್ಗೆ ಬಿಟ್ಟು ಆಫೀಸಿಗೆ ಹೋದೆ. ಸಂಜೆ ಬಂದಾಗ ರೂಪೇಶ ಇರಲಿಲ್ಲ. ಮಾಜಾಳಿಯಲ್ಲಿ ಮದುವೆಯಿದೆಯೆಂದು ಬೇಗ ಹೋಗಿದ್ದ. ಅಂಗಡಿಯ ಮಾಲೀಕರು ಬೀಗದಕೈ ಕೊಟ್ಟು "ಎಲ್ಲಾ ಆಗಿದೆ, ತಕಂಡ್ ಹೋಗಿ" ಎಂದರು. ರಸ್ತೆಯ ಬದಿಗೇ ನಿಂತಿದ್ದ ಕಾರನ್ನು ನೇರ ಮುಂದಕ್ಕೆ ತೆಗೆದುಕೊಂಡು ಬಂದೆ. ಹಾರವಾಡದ ಹತ್ತಿರ ಎಡಗಡೆಯ ಸ್ಪೀಕರ್ ಮತ್ತೆ ಪ್ರಾಣ ಬಿಟ್ಟಿತು. ಮನೆಗೆ ಬಂದು ಊಟದ ಹೊತ್ತಿಗೆ ಆ ಸ್ಟೀರಿಯೊದ ಕುಲಗೋತ್ರವನ್ನೆಲ್ಲ ಜಾಲಾಡಿದೆ. ಚಿಕ್ಕಿಗೂ ಕೇಳಿಸಿರಬೇಕು, ಅಷ್ಟು ಜೋರಾಗಿ ಕೂಗಾಡಿದ್ದೆ.

ಮರುದಿನ ಬೆಳಿಗ್ಗೆ ನಾನು ಕಾರಿಗೆ ಸುತ್ತು ಹಾಕಲಿಲ್ಲ. ಹಾಕುವುದಾದರೆ ಇಷ್ಟೆಲ್ಲ ಒದ್ದಾಡಿದ್ದು ಯಾಕೆ? ಗೇಟು ತೆರೆದಿಟ್ಟು, ಒಳಗಿಂದ ಬ್ಯಾಗು ತಂದು ನೇರ ಹೋಗಿ ಕೂತೆ. ಗಾಜು ಏರಿಸಿ ಎ.ಸಿ. ಹಾಕಿ ರಿವರ್ಸ್ ಗೇರಿಗೆ ಕೈ ತಂದೆ. ಪರದೆ ಒಮ್ಮೆ ಮಿನುಗಿತು. ಕ್ಲಚ್ಚು ಅರ್ಧ ಬಿಟ್ಟಿದ್ದೆ, ಕಾರು ಅಲುಗಿತ್ತು.

ಪರದೆಯಲ್ಲಿ ಚಿಕ್ಕಿ ಕಂಡಳು. ಕಂದು ಸೀರೆ, ತುರುಬಿಗೆ ಸುತ್ತಿದ ಅಬ್ಬಲಿಗೆ ಹೂವು, ಟಯರಿನ ಬುಡಕ್ಕೆ ಚಾಚಿದ ಕೈ. ನೆಲಕ್ಕೆ ಅಂಟಿದಂತೆ ಕೂತಿದ್ದಾಳೆ.

ಬ್ರೇಕ್ ತುಳಿದೆ. ಎಂಜಿನ್ ಗಕ್ಕನೆ ನಿಂತಿತು. ಬಾಗಿಲು ತೆರೆದು ಹಿಂದಕ್ಕೆ ಓಡಿದರೆ, ಹೌದು, ಚಿಕ್ಕಿ ಅಲ್ಲೇ ಇದ್ದಳು. ಬಂಪರಿಗೂ ಅವಳ ಹಣೆಗೂ ನಡುವೆ ಒಂದು ಗೇಣು ಇದ್ದೀತು. ಕೈ ಇನ್ನೂ ಟಯರಿನ ಬುಡದ ಲಿಂಬೆಹಣ್ಣಿನ ಮೇಲೇ ಇತ್ತು.

"ಸಾಯೂಕೆ ಕೂತಿದ್ಯೇ ಇಲ್ಲಿ?" ಎಂದು ಕಿರುಚಿದೆ.

"ಎಂತಕ್ಕೆ ಹಂಗೆ ಕೂಗ್ತೀ ತಮಾ?" ಚಿಕ್ಕಿ ಮಂಡಿ ಹಿಡಿದುಕೊಂಡು ನಿಧಾನ ಎದ್ದಳು. "ಆ ಹಾಡಿನ ಪೆಟ್ಟಿಗೆಗೆ ಯಾರದೋ ದೃಷ್ಟಿ ಆಗದೆ. ಇಲ್ಲಾಂದ್ರೆ ಇಷ್ಟು ಕಾಟ ಕೊಡ್ತದಾ? ಲಿಂಬೆಹಣ್ಣ ಇಟ್ಟೆ. ಅದ್ರ ಮೇಲೆ ಚಕ್ರ ಹತ್ಸ್ಕಂಡು ಹೋಗು."

ಹೊಸ ಗಾಡಿಗೆ ಎಲ್ಲರೂ ಚಕ್ರದ ಮುಂದೆ ಲಿಂಬೆಹಣ್ಣು ಇಡುತ್ತಾರೆ. ಅಲ್ಲಿಟ್ಟಿದ್ದರೆ ನನ್ನ ಕಣ್ಣೆದುರೇ ಇರುತ್ತಿದ್ದಳು. ನಮ್ಮ ಕಾರು ಹೊರಡುವುದೇ ಹಿಂದಕ್ಕೆ, ಹಾಗಾಗಿ ಹಣ್ಣೂ ಚಕ್ರದ ಹಿಂದೆಯೇ ಇರಬೇಕು ಎಂಬುದು ಚಿಕ್ಕಿಯ ಲೆಕ್ಕಾಚಾರ. ತಪ್ಪೆನ್ನಲು ಆಗುವಂತಿರಲಿಲ್ಲ. ನಾನು ಜಗಲಿಯ ಮೇಲೆ ಕೂತು ನೀರು ಕುಡಿದೆ.

ಮಧ್ಯಾಹ್ನ ಆ ಅಂಗಡಿಗೆ ಹೋದೆ. ಜಗಳವಾಡದೆ ಹೋದದ್ದು ಅದೇ ಮೊದಲು. ಪರದೆಯಲ್ಲಿ ಕಂಡದ್ದನ್ನೆಲ್ಲ ಹೇಳಿ, "ರೂಪೇಶಾ, ನಿನಗೆ ಬೈದದ್ದೆಲ್ಲ ವಾಪಸು ತಕಂಡೆ ಮಾರಾಯ. ನಿನ್ನ ಕ್ಯಾಮೆರಾ ನಮ್ಮ ಚಿಕ್ಕಿ ಜೀವ ಉಳಿಸ್ತು," ಎಂದೆ.

ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನನ್ನ ಮುಖ ನೋಡಿದ. "ಯಾವ ಕ್ಯಾಮೆರಾ ಸರ್?"

"ನಿನ್ನೆ ಹಾಕಿದ್ಯಲ್ಲ, ಅದು."

"ನಾ ಎಲ್ಲಿ ಹಾಕ್ದೆ? ಮದ್ವಿಗೆ ಹೋಗೂ ಗಡಿಬಿಡಿಲಿ ಹಾಕೂಕೆ ಆಗ್ಲೇ ಇಲ್ಲ. ಡಿಕ್ಕಿಲೇ ಇಟ್ಟಿದ್ದೆ. ಅಂಗ್ಡಿ ಸೇಟು ಹೇಳ್ಲಿಲ್ವಾ?"

ಡಿಕ್ಕಿ ತೆರೆದು ತೋರಿಸಿದ. ಡಬ್ಬಿ ಇತ್ತು. ಅಂಟಿಸಿದ ಟೇಪು ಕೂಡ ಹರಿದಿರಲಿಲ್ಲ. ನನ್ನ ಒತ್ತಾಯಕ್ಕೆ ಕಾರಿನಲ್ಲಿ ಕೂತು ರಿವರ್ಸ್ ಗೇರ್ ಹಾಕಿದ. ಪರದೆ ಪೂರಾ ನೀಲಿಯಾಯಿತು. ನಡುವೆ ಸಿಗ್ನಲ್ ಇಲ್ಲವೆಂಬ ಇಂಗ್ಲಿಷ್ ಅಕ್ಷರ.

"ಕನ್ನಡೀಲಿ ನೋಡಿರ್ತೀರಿ ಸರ್. ಗಾಬ್ರಿಲಿ ಎಲ್ಲಿ ಕಂಡದ್ದು ಹೇಳಿ ಗೊತ್ತಾಗೂದಿಲ್ಲ," ಎಂದ. ಅವನ ದನಿಯಲ್ಲಿದ್ದ ಕರುಣೆ ನನ್ನನ್ನು ಇನ್ನಷ್ಟು ಕೆರಳಿಸಿತು. ಈ ಸ್ಟೀರಿಯೊದಿಂದ ಒಂದೇ ಒಂದು ಉಪಕಾರವಾಗಿತ್ತು, ಅದೂ ಅದರದ್ದಲ್ಲವಂತೆ! ಎದುರಿಗೇ ಕೂತು ಕ್ಯಾಮೆರಾ ಹಾಕಿಸಿಕೊಂಡು ಬಂದೆ.

ಮನೆಗೆ ಬಂದವನೇ ಸುಮಂಗಲಾಳಿಗೆ ನಡೆದದ್ದೆಲ್ಲ ಹೇಳಿ, ಚಿಕ್ಕಿ ಕೂತಲ್ಲೇ ಹೋಗಿ ಕೂರು ಎಂದೆ. "ನಿಮ್ಮ ಹುಚ್ಚಿಗೆ ನಾನೊಬ್ಬಳು ಕಡಿಮೆ ಇದ್ದೆ," ಎಂದು ಗೊಣಗುತ್ತ, ಕಾರಿನ ಬೀಗದಕೈ ತನ್ನ ಕೈಯಲ್ಲೇ ಇಟ್ಟುಕೊಂಡು ಹೋಗಿ ಕೂತಳು. ಯಾವ ಕನ್ನಡಿಯಲ್ಲೂ ಅವಳು ಕಾಣಲಿಲ್ಲ. ಒಳಗಿನ ಕನ್ನಡಿಯಲ್ಲಿ ಗೇಟು, ಅದರಾಚೆಗೆ ರಸ್ತೆ, ಅಷ್ಟೆ. ಪಕ್ಕದ ಕನ್ನಡಿಗಳಲ್ಲಿ ಪಾಗಾರದ ಗೋಡೆ. ಆಮೇಲೆ ಬೀಗದಕೈ ಇಸಿದುಕೊಂಡು, ಎಂಜಿನ್ ಶುರು ಮಾಡದೆ, ಪರದೆಯೊಂದನ್ನೇ ಹೊತ್ತಿಸಿ ರಿವರ್ಸ್ ಗೇರ್ ಹಾಕಿದೆ.

ಈಗ ಕಂಡಳು. ದೊಡ್ಡದಾಗಿ, ಹಣೆಯ ಕುಂಕುಮ, ಬೈತಲೆ, ಸಿಟ್ಟಿನ ಮೂಗು. "ಆಯ್ತಾ? ಕಾಲು ನೋಯ್ತದೆ," ಎಂದು ಕ್ಯಾಮೆರಾಕ್ಕೇ ಕೇಳಿದಳು.

ನಾನು ನಿಜವಾಗಿ ಹೆದರಿದ್ದು ಆ ಬೆಳಿಗ್ಗೆ ಅಲ್ಲ, ಈಗ. ಕಾರಿನ ಕಡೆ ಮುಖ ಮಾಡಿ ಕೂತವರನ್ನು ಕಾರಿನ ಕ್ಯಾಮೆರಾ ಎದುರಿನಿಂದ ತೋರಿಸುತ್ತದೆ, ಮುಖ ತೋರಿಸುತ್ತದೆ. ನಾನು ಕಂಡದ್ದು ಚಿಕ್ಕಿಯ ಬೆನ್ನು, ತುರುಬು, ಹೂವು. ಕೈ ಚಾಚಿದ್ದ ಟಯರು ಕೂಡ ಕಂಡಿತ್ತು. ಕಣ್ಣು ಮುಚ್ಚಿ ನೆನೆದರೆ ಟಯರಿನ ಪಕ್ಕ ನಮ್ಮದೇ ಕಾರಿನ ನಂಬರ್ ಪ್ಲೇಟು, ಹಿಂದಿನ ಗಾಜಿನಾಚೆ ಒಳಗೆ ಕೂತ ನನ್ನ ತಲೆ. ಕ್ಯಾಮೆರಾ ಕೂಡಿಸಿದ್ದರೂ ಅಂಥ ಚಿತ್ರ ಬರುವಂತಿರಲಿಲ್ಲ. ಅದು ಕಾರಿನ ಕಣ್ಣಿಗೆ ಕಂಡದ್ದಲ್ಲ. ಗೇಟಿನ ಬಲಗಡೆಯ ಕಂಬದ ಹತ್ತಿರ ನಿಂತು ಅಂಗಳದೊಳಗೆ ನೋಡುವವರಿಗೆ ಕಾಣುವಂಥದ್ದು.

ಅಲ್ಲಿ ಆ ಬೆಳಿಗ್ಗೆ ಯಾರೂ ಇರಲಿಲ್ಲ. ಗೇಟು ತೆರೆದವನು ನಾನೇ, ಹಿಂದಕ್ಕೆ ಓಡಿ ಬಂದಾಗಲೂ ಕಂಬದ ಹತ್ತಿರ ಯಾರನ್ನೂ ಕಂಡಿರಲಿಲ್ಲ. ಚಿಕ್ಕಿಯನ್ನು ಕೇಳಿದೆ; ಯಾರನ್ನೂ ಕಾಣಲಿಲ್ಲ ಎಂದಳು. ಯಾಕೆಂದು ಅವಳಿಗೆ ಹೇಳಲಿಲ್ಲ, ಹೇಳಿದರೆ ಆ ಕಂಬಕ್ಕೂ ಪೂಜೆ ಶುರುವಾಗುತ್ತದೆ. ಸುಮಂಗಲಾಳಿಗೂ ಈ ಬೆನ್ನಿನ ಮಾತು ಹೇಳಿಲ್ಲ. ಮನೆಯಲ್ಲಿ ಹೆದರುವ ಕೆಲಸಕ್ಕೆ ನಾನೊಬ್ಬ ಸಾಕು.

ಇದಾಗಿ ಕೆಲವು ವರ್ಷಗಳಾದವು. ಎಷ್ಟು ಯೋಚಿಸಿದರೂ ನನಗೆ ದಾರಿ ಸಿಕ್ಕಿಲ್ಲ. ನಿಮಗೇನಾದರೂ ಹೊಳೆದರೆ ಮನಸ್ಸಿನಲ್ಲೇ ಇಟ್ಟುಕೊಳ್ಳಿ, ನನಗೆ ನಿದ್ದೆ ಮೊದಲೇ ಕಡಿಮೆ. ಕಾರನ್ನು ಈಗಲೂ ದಿನಾ ಹಿಮ್ಮುಖವಾಗಿಯೇ ತೆಗೆಯುತ್ತೇನೆ. ಗೇಟು ದಾಟುವಾಗ ಬಲಗಡೆಯ ಕಂಬದ ಹತ್ತಿರ ಒಬ್ಬರು ನಿಲ್ಲುವಷ್ಟು ಜಾಗ ಬಿಡುತ್ತೇನೆ. ಹಾಗೆ ಬಿಟ್ಟು ಬಿಟ್ಟು ಕಾರಿನ ಎಡಮೈ ಆಚೆಯ ಕಂಬಕ್ಕೆ ಉಜ್ಜಿ ಬಣ್ಣವೆಲ್ಲ ಕಿತ್ತುಹೋಗಿದೆ. "ಆ ಬದಿಗೆ ಅಷ್ಟು ಜಾಗ ಇರೂವಾಗ ಈ ಬದಿಗೆ ಯಾಕೆ ಒತ್ತಿ ಹೋಗ್ತೀರಿ?" ಎಂದು ಸುಮಂಗಲಾ ಕೇಳುತ್ತಲೇ ಇರುತ್ತಾಳೆ. ಅಭ್ಯಾಸವಾಗಿಬಿಟ್ಟಿದೆ ಎನ್ನುತ್ತೇನೆ.