ಕನ್ನಡದಲ್ಲಿ ಹೇಳಿದ ದಾರಿ

ನಾನು ವಿಮಾನ ಹಾರಿಸಲು ಕಲಿಯುತ್ತಿದ್ದ ಕ್ಲಬ್ಬಿನಲ್ಲಿ ಕನ್ನಡ ಬಲ್ಲವರು ಇಬ್ಬರೇ: ನಾನು ಮತ್ತು ನನಗೆ ಕಲಿಸುತ್ತಿದ್ದ ಕ್ಯಾಪ್ಟನ್. ಚೆನ್ನೈ ಹೊರವಲಯದಲ್ಲಿದ್ದ ಆ ಸಣ್ಣ ಖಾಸಗಿ ಕ್ಲಬ್ಬು ಈಗಿಲ್ಲ. ಎರಡು ಸೀಟಿನ ಹಳೆಯ ವಿಮಾನಗಳು, ತಗಡಿನ ಹ್ಯಾಂಗರು, ಬೇವಿನ ಮರದ ಕೆಳಗೊಂದು ಬೆಂಚು, ಅಷ್ಟೇ ಅದರ ಆಸ್ತಿ. ನಾವು ಮೈಸೂರಿನವರು. ಅಪ್ಪನಿಗೆ ವರ್ಗವಾಗಿ ಅಣ್ಣಾ ನಗರ್‌ಗೆ ಬಂದು ಕೆಲವು ವರ್ಷಗಳಾಗಿದ್ದವು. ನಾನು ಎಂ.ಎಸ್ಸಿ. ಮುಗಿಸಿ, ಹಟ ಹಿಡಿದು, ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಸೇರಿಕೊಂಡಿದ್ದೆ. ಕ್ಯಾಪ್ಟನ್ನೂ ನಮ್ಮ ಕಡೆಯವರೇ ಎಂದು ತಿಳಿದ ದಿನ ಅಮ್ಮನಿಗೆ ದೊಡ್ಡ ಭಾರ ಇಳಿದಂತಾಯಿತು. ಮಾರನೆಯ ದಿನವೇ ಡಬ್ಬಿ ತುಂಬ ಕೋಡುಬಳೆ ಕೊಟ್ಟು ಕಳಿಸಿದಳು.

ಬೇರೆ ವಿದ್ಯಾರ್ಥಿಗಳ ಜೊತೆ ಅವರದು ಅಚ್ಚುಕಟ್ಟಾದ ಇಂಗ್ಲಿಷ್. ವಾಯುಪಡೆಯಿಂದ ನಿವೃತ್ತರಾದವರು, ಗಟ್ಟಿ ದನಿ ತೆಗೆದದ್ದನ್ನು ಯಾರೂ ಕೇಳಿರಲಿಲ್ಲ. ನನಗೆ ಮಾತ್ರ ಕನ್ನಡ. ಅದೂ ಮೇಲೆ ಹೋದ ಮೇಲೆ, ಹೆಡ್‌ಸೆಟ್ಟಿನಲ್ಲಿ, ನಮ್ಮಿಬ್ಬರಿಗಷ್ಟೇ ಕೇಳುವ ಹಾಗೆ.

"ಕಣ್ಣೇನು ಬಾಡಿಗೆಗೆ ಕೊಟ್ಟು ಬಂದಿದೀಯ?"

"ಸ್ಟಿಕ್ಕನ್ನ ಹಿಡಿಯೋದು ಹಾಗಾ? ನಿಮ್ಮಮ್ಮನ ಮಜ್ಜಿಗೆ ಕಡಗೋಲು ಅಂದ್ಕೊಂಡ್ಯಾ?"

"ನೀನು ಇಳಿಸಿದ್ದಲ್ಲ ಕಣೇ. ಅಯ್ಯೋ ಪಾಪ ಅಂತ ನೆಲವೇ ಎದ್ದು ಬಂತು."

ಇಳಿದ ಮೇಲೆ ಬೆಂಚಿನ ಹತ್ತಿರ ನಿಂತು ಎಲ್ಲರೆದುರು ನನ್ನ ಬೆನ್ನು ತಟ್ಟುತ್ತಿದ್ದರು. ಅಮ್ಮನ ಕೋಡುಬಳೆ ಹಂಚುತ್ತಿದ್ದರು. ನಾನು ಯಾರಿಗೂ ದೂರಲಿಲ್ಲ. ದೂರಿದ್ದರೂ ಅದನ್ನು ಇಂಗ್ಲಿಷಿಗೆ ತಂದರೆ ಅದರ ವಿಷವೆಲ್ಲ ಸೋರಿಹೋಗಿ ಬರೀ ತಮಾಷೆಯಾಗಿ ಉಳಿಯುತ್ತಿತ್ತು. ಜೊತೆಗೆ, ಅವರ ಕೈಕೆಳಗೆ ನಾನು ಕಲಿಯುತ್ತಿದ್ದೆ ಎನ್ನುವುದೂ ನಿಜ. ಮೊದಲ ಸಲ ಒಬ್ಬಳನ್ನೇ ಹಾರಲು ಬಿಟ್ಟಾಗ ಪಕ್ಕದ ಸೀಟು ಖಾಲಿ ಇತ್ತು, ಕಿವಿ ಖಾಲಿ ಇತ್ತು. ನಾನು ಜೋರಾಗಿ ಹಾಡಿಕೊಂಡು ಒಂದು ಸುತ್ತು ಹಾಕಿ ಬಂದೆ.

ಆ ಫೆಬ್ರವರಿಯಲ್ಲಿ, ಬಾಹ್ಯಾಕಾಶದಿಂದ ಮರಳುತ್ತಿದ್ದ ನೌಕೆಯೊಂದು ಆಕಾಶದಲ್ಲೇ ಚೂರಾಯಿತು. ಅದರಲ್ಲಿದ್ದವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿ ಬೆಳೆದ ಒಬ್ಬ ಹೆಣ್ಣುಮಗಳೂ ಇದ್ದಳು. ಟೀವಿಯಲ್ಲಿ ಅದೇ ಬಿಳಿ ಗೆರೆಗಳನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅಪ್ಪ ತಟ್ಟೆಯ ಮುಂದೆ ಕೂತವರು ಅನ್ನ ಮುಟ್ಟಲಿಲ್ಲ.

"ಅವಳ ಅಪ್ಪ ಈಗ ಏನು ಮಾಡ್ತಿರಬಹುದು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀನು ನಾಳೆ ಹೋಗಲೇಬೇಕಾ?" ಎಂದರು.

ನಾನು ಹೋದೆ. ಕ್ಲಬ್ಬಿನಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಅದನ್ನೇ ಮಾತಾಡುತ್ತಿದ್ದರು. ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: ಅಲ್ಲಿಗೆ ಮನುಷ್ಯರನ್ನು ಕಳಿಸುವುದು ಬರೀ ಪ್ರದರ್ಶನ, ಯಂತ್ರಕ್ಕೆ ಉಸಿರು ಬೇಡ, ಊಟ ಬೇಡ, ಸತ್ತರೆ ಅಳುವವರಿಲ್ಲ. ಆಮೇಲೆ ನನ್ನತ್ತ ತಿರುಗಿ ಕನ್ನಡದಲ್ಲಿ, ಮುಖದ ನಗು ಮಾಸದ ಹಾಗೆ, "ನಿಂಗೂ ಅಂಥ ಆಸೆ ಇತ್ತಲ್ಲ? ನೋಡ್ಕೋ. ಬೂದಿನೂ ಸಿಗಲ್ಲ" ಎಂದರು.

ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು, ಅದೇ ಕೊನೆ. ಎಲ್ಲರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಯಂತ್ರ ಎತ್ತರವನ್ನು ಅಳೆಯುತ್ತದೆ, ಸರ್. ಆ ಎತ್ತರದಲ್ಲಿ ಹೆದರಿ, ಹಿಂದೆ ಬಂದು ನಮಗೆ ಹೇಳುವುದಕ್ಕೆ ಒಬ್ಬರು ಹೋಗಿ ನೋಡಲೇಬೇಕು. ಯಂತ್ರವೇ ಸಾಕು ಅನ್ನುವುದಾದರೆ ನೀವು ಇಷ್ಟು ವರ್ಷ ಯುದ್ಧವಿಮಾನದಲ್ಲಿ ಯಾಕೆ ಕೂತಿದ್ದಿರಿ? ನಿಮ್ಮ ಸೀಟಿನಲ್ಲೂ ಒಂದು ಕ್ಯಾಮೆರಾ ಇಡಬಹುದಿತ್ತು.

ನನ್ನ ಜೊತೆಗೆ ಕಲಿಯುತ್ತಿದ್ದ ತಮಿಳು ಯುವಕ ಗಹಗಹಿಸಿ ನಕ್ಕ. ಮೆಕ್ಯಾನಿಕ್ ನಕ್ಕ. ಕ್ಯಾಪ್ಟನ್ನೂ ನಕ್ಕರು. ಆ ದಿನ ಮೇಲೆ ಹೋದಾಗ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ನನ್ನ ಗೆಲುವು ಎಂದುಕೊಂಡೆ.

ಕೆಲವು ವಾರಗಳ ನಂತರ ನಾನು ಒಬ್ಬಳೇ ಉತ್ತರಕ್ಕೆ ಹಾರಿ, ಒಳನಾಡಿನ ಮೇಲೆ ಸುತ್ತಿ ಬರುವ ಪಾಠವಿತ್ತು. ಕ್ಯಾಪ್ಟನ್ ಮೇಜಿನ ಮೇಲೆ ನಕ್ಷೆ ಹರಡಿ, ಬೆರಳಿಟ್ಟು ಕನ್ನಡದಲ್ಲಿ ದಾರಿ ಹೇಳಿದರು. "ಎಣ್ಣೂರಿನ ಚಿಮಣಿ ಬಲಕ್ಕೆ ಬಿಟ್ಕೊಂಡು ಸಮುದ್ರದ ದಂಡೆ ಹಿಡಿದು ಹೋಗು. ದೊಡ್ಡ ಹಿನ್ನೀರು ಬರುತ್ತೆ. ಅದು ಪೂರ್ತಿ ಕಂಡ ಮೇಲೆ ಎಡಕ್ಕೆ ತಿರುಗು."

ಅವರ ಬೆರಳಿನಾಚೆ ಕೆಂಪು ಗೆರೆಯ ವೃತ್ತವಿತ್ತು. ರಾಕೆಟ್ ಹಾರಿಸುವ ದ್ವೀಪದ ಸುತ್ತಲ ನಿಷೇಧಿತ ಆಕಾಶ.

"ಸರ್, ಇದರೊಳಗೆ ಹೋದಂಗಾಗಲ್ವಾ?"

"ಅದು ರಾಕೆಟ್ ಹಾರಿಸೋ ದಿನ ಮಾತ್ರ. ಇವತ್ತು ಏನೂ ಇಲ್ಲ, ಕೇಳಿದೀನಿ. ನಂಗೇ ಪಾಠ ಹೇಳ್ತೀಯಾ?"

ಆ ತಮಿಳು ಯುವಕ ಅದೇ ಮೇಜಿಗೆ ಒರಗಿ ನಿಂತು ತನ್ನ ಸರದಿಗೆ ಕಾಯುತ್ತಿದ್ದ.

ಎಣ್ಣೂರಿನ ಹೊಗೆ ಸಮುದ್ರದ ಕಡೆಗೆ ಬಾಗಿತ್ತು. ಬೂದಿ ಕಲಸಿದ ನೀರು, ಅದರ ಪಕ್ಕದಲ್ಲೇ ಮೀನುಗಾರರ ದೋಣಿಗಳು. ಆಮೇಲೆ ಹಿನ್ನೀರು ತೆರೆದುಕೊಂಡಿತು. ಅದು ಪೂರ್ತಿ ಕಾಣಲೆಂದು ಇನ್ನಷ್ಟು ಮುಂದೆ ಹೋದೆ. ಮರಳಿನ ದಂಡೆಯಾಚೆ ಹಸಿರು ದ್ವೀಪ, ಅದರ ನಡುವೆ ಕಡ್ಡಿಯಷ್ಟು ತೆಳ್ಳಗೆ ಒಂದು ಗೋಪುರ. ಇಲ್ಲಿಂದ ಒಂದು ದಿನ ಮನುಷ್ಯರೂ ಹೋಗುತ್ತಾರೆ ಅನ್ನಿಸಿ ಮೈ ಜುಮ್ಮೆಂದಿತು. ಅಷ್ಟರಲ್ಲಿ ರೇಡಿಯೊದಲ್ಲಿ ಯಾರೋ ನನ್ನ ವಿಮಾನದ ಗುರುತು ಹೇಳಿ ಕರೆದರು. ಎಲ್ಲಿದ್ದೀರಿ ಎಂದರು. ಹೇಳಿದೆ. ತಕ್ಷಣ ಎಡಕ್ಕೆ ತಿರುಗಿ, ಇಳಿದ ಕೂಡಲೇ ಅಲ್ಲೇ ಇರಿ ಎಂದರು. ಎಡಕ್ಕೆ ತಿರುಗಿಸಿ ನೇರ ಕ್ಲಬ್ಬಿಗೆ ಮರಳಿದೆ.

ಆ ವೃತ್ತ ವರ್ಷವಿಡೀ ನಿಷೇಧಿತವಾಗಿತ್ತು.

ಸಾದಾ ಉಡುಪಿನ ಇಬ್ಬರು ಪೊಲೀಸರು ಮನೆಗೆ ಬಂದರು. ಫೋಟೊ ತೆಗೆದಿದ್ದೀರಾ, ಯಾರಿಗೆ ಕೊಟ್ಟಿರಿ ಎಂದು ಕೇಳಿದರು. ಅಮ್ಮನ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದರು. ಎದುರು ಫ್ಲ್ಯಾಟಿನವರು ಅಂದಿನಿಂದ ನಮ್ಮನ್ನು ನೋಡಿದಾಗ ಬಾಗಿಲು ಹಾಕಿಕೊಳ್ಳತೊಡಗಿದರು.

ವಿಚಾರಣೆ ಕ್ಲಬ್ಬಿನ ಕಚೇರಿಯಲ್ಲೇ ನಡೆಯಿತು. ಕ್ಯಾಪ್ಟನ್ ಬಹಳ ದುಃಖದಿಂದ ಮಾತಾಡಿದರು. ಹುಡುಗಿ ಒಳ್ಳೆಯವಳು, ಕೈ ಚೆನ್ನಾಗಿದೆ. ಆದರೆ ಆ ನೌಕೆಯ ಅಪಘಾತವಾದಾಗಿನಿಂದ ಮನಸ್ಸು ಸ್ಥಿಮಿತದಲ್ಲಿಲ್ಲ. 'ಒಬ್ಬರು ಹೋಗಿ ನೋಡಲೇಬೇಕು' ಎಂದು ನಮ್ಮೆಲ್ಲರ ಎದುರೇ ವಾದಿಸಿದ್ದಳು. ನಾನು ಎಷ್ಟು ಸ್ಪಷ್ಟವಾಗಿ ಎಚ್ಚರಿಸಿದರೂ ನೋಡಲು ಹೋಗಿಬಿಟ್ಟಳು.

ಆ ದಾರಿ ಹೇಳಿದ್ದು ಅವರೇ ಎಂದೆ ನಾನು. ಅಂದು ಮೇಜಿನ ಪಕ್ಕ ನಿಂತಿದ್ದ ಯುವಕನನ್ನು ಕರೆಸಿದರು. ಅವನು ಸುಳ್ಳು ಹೇಳಲಿಲ್ಲ. "ಅವಂಗ ಕನ್ನಡತ್ತುಲೆ ಪೇಸಿನಾಂಗ ಸಾರ್. ಎನಕ್ಕು ಪುರಿಯಲೆ" ಎಂದ. ಅವರು ಕನ್ನಡದಲ್ಲಿ ಮಾತಾಡಿದರು, ನನಗೆ ಅರ್ಥವಾಗಲಿಲ್ಲ. ಅಲ್ಲಿಗೆ ಮುಗಿಯಿತು. ಅಂತಿಮ ತೀರ್ಮಾನ ಆಗುವವರೆಗೆ ನಾನು ಹಾರುವಂತಿಲ್ಲ ಎಂದರು.

ಅಪ್ಪ, "ಅವರನ್ನ ಒಂದ್ಸಲ ಕಂಡು ಬರೋಣ. ನಮ್ಮ ಕಡೆಯೋರು, ಏನಾದ್ರೂ ದಾರಿ ತೋರಿಸ್ತಾರೆ" ಎಂದು ನನ್ನನ್ನು ಕರೆದುಕೊಂಡು ಹೊರಟರು. ಭಾನುವಾರದ ಬೆಳಿಗ್ಗೆ. ಹ್ಯಾಂಗರಿನಲ್ಲಿ ಕ್ಯಾಪ್ಟನ್, ಮೆಕ್ಯಾನಿಕ್, ಆ ಯುವಕ ಮೂವರೂ ಇದ್ದರು. ಅಪ್ಪ ಹೋದವರೇ ಎರಡೂ ಕೈ ಮುಗಿದರು. "ತಪ್ಪಾಯ್ತು ಸಾರ್. ಮಗಳಂತ ಕ್ಷಮಿಸಿಬಿಡಿ."

ನನಗೆ ತಡೆಯಲಾಗಲಿಲ್ಲ. "ನೀವೇ ತಾನೇ ಸರ್ ಆ ದಾರಿ ಹೇಳಿದ್ದು?" ಎಂದೆ.

ಕ್ಯಾಪ್ಟನ್ ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಮಗುವನ್ನು ಸಂತೈಸುವ ದನಿಯಲ್ಲಿ, ಅಚ್ಚಕನ್ನಡದಲ್ಲಿ ಹೇಳಿದರು: "ಹೌದಮ್ಮ, ನಾನೇ ಹೇಳಿದ್ದು. ಗೊತ್ತಿದ್ದೇ ಹೇಳಿದ್ದು. ನಾಲ್ಕು ಜನರ ಮುಂದೆ ನನ್ನ ನೋಡಿ ನಗೋ ಹಂಗೆ ಮಾಡಿದ್ಯಲ್ಲ? ಈಗ ಯಾರ ಹತ್ರ ಹೇಳ್ಕೋತೀಯೋ ಹೇಳ್ಕೋ ಹೋಗು." ಆಮೇಲೆ ಅಪ್ಪನ ಕಡೆ ತಿರುಗಿ, ಅದೇ ಮೆತ್ತಗಿನ ದನಿಯಲ್ಲಿ, "ನೀವು ತಲೆ ಕೆಡಿಸ್ಕೋಬೇಡಿ. ಬೇಗ ಮದುವೆ ಮಾಡಿಬಿಡಿ" ಎಂದರು.

ಮೆಕ್ಯಾನಿಕ್ಕಿಗೆ ಕಣ್ಣು ತುಂಬಿ ಬಂದಿತ್ತು. ಕ್ಯಾಪ್ಟನ್ ಮನಸ್ಸು ಎಷ್ಟು ದೊಡ್ಡದು ಎಂದು ತಮಿಳಿನಲ್ಲಿ ಆ ಯುವಕನಿಗೆ ಹೇಳಿದ.

ನನಗೆ ಆ ಕ್ಷಣ ಸಿಟ್ಟಿಗಿಂತ ಸಂತೋಷವಾಯಿತು. ಸಾಕ್ಷಿ ಸಿಕ್ಕಿತಲ್ಲ! ಗೇಟು ದಾಟುವ ಮೊದಲೇ ಅಪ್ಪನ ತೋಳು ಹಿಡಿದುಕೊಂಡೆ. "ಕೇಳಿಸ್ಕೊಂಡ್ರಲ್ಲ ಅಪ್ಪ? ನೀವು ಬಂದು ಇಷ್ಟು ಹೇಳಿದ್ರೆ ಸಾಕು. ವಿಚಾರಣೆ ಮತ್ತೆ ತೆಗೀತಾರೆ."

"ಏನು ಕೇಳಿಸ್ಕೊಂಡೆ?"

"ಅವರು ಈಗ ಹೇಳಿದ್ದು. ಗೊತ್ತಿದ್ದೇ ಹೇಳ್ದೆ ಅಂದ್ರಲ್ಲ!"

ಅಪ್ಪ ರಸ್ತೆಯ ಆ ಬದಿ ನೋಡುತ್ತ ಆಟೋಗೆ ಕೈ ಎತ್ತಿದರು. "ನಂಗೇನೂ ಕೇಳಿಸಲಿಲ್ಲ. ಎಂಜಿನ್ ಸದ್ದಿತ್ತು."

ಆ ಬೆಳಿಗ್ಗೆ ಹ್ಯಾಂಗರಿನಲ್ಲಿ ಯಾವ ಎಂಜಿನ್ನೂ ಓಡುತ್ತಿರಲಿಲ್ಲ. ಹೊರಗೆ ಬೇವಿನ ಮರದಲ್ಲಿ ಕಾಗೆ ಕೂಗಿದ್ದೂ ಕೇಳಿಸುತ್ತಿತ್ತು. ಆಟೋದಲ್ಲಿ ನಾನು ಅಳುತ್ತ ಬೇಡಿಕೊಂಡೆ, ಅವರ ಮೊಣಕಾಲು ಹಿಡಿದುಕೊಂಡೆ. ಅವರು ಒಂದೇ ಮಾತು ಆಡಿದರು. "ನೀನು ನೆಲದ ಮೇಲಿದ್ರೆ ನಂಗೆ ಸಾಕು."

ಬೇಸಿಗೆ ಮುಗಿಯುವುದರೊಳಗೆ ಕ್ಲಬ್ಬು ನನ್ನ ಹೆಸರು ತೆಗೆಯಿತು. ಇನ್ನೊಂದು ಕ್ಲಬ್ಬಿಗೆ ಹೋದಾಗ ಅಲ್ಲಿಯವರು ಮೊದಲು ಕ್ಯಾಪ್ಟನ್‌ಗೇ ಫೋನು ಮಾಡಿ ವಿಚಾರಿಸಿದರು. ಆ ಯುವಕನಿಗೆ ಲೈಸೆನ್ಸ್ ಬಂತು, ಮುಂದೆ ದೊಡ್ಡ ವಿಮಾನಗಳಿಗೂ ಹೋದನಂತೆ.

ಆ ಭಾನುವಾರದ ನಂತರ ನಾನು ಅಪ್ಪನ ಜೊತೆ ಕನ್ನಡ ಮಾತಾಡುವುದನ್ನು ಬಿಟ್ಟೆ. ಅವರು ಕನ್ನಡದಲ್ಲಿ ಕೇಳುತ್ತಿದ್ದರು, ನಾನು ತಮಿಳಿನಲ್ಲಿ ಉತ್ತರಿಸುತ್ತಿದ್ದೆ. ಆಫೀಸಿನ ತಮಿಳು ಬರುತ್ತಿತ್ತು ಅವರಿಗೆ, ಅರ್ಥವಾಗುತ್ತಿತ್ತು. ಊರಿಂದ ಬಂದ ನೆಂಟರು, ಇಲ್ಲಿಯ ಗಾಳಿ ಮಕ್ಕಳ ನಾಲಿಗೆ ಕೆಡಿಸುತ್ತೆ ಎಂದು ನಗುತ್ತಿದ್ದರು. ಅಪ್ಪನೂ ಹೌದೆಂದು ನಗುತ್ತಿದ್ದರು. ಅಮ್ಮ ಒಮ್ಮೆ ಅಡುಗೆಮನೆಯಲ್ಲಿ, "ಬೇಕಾದ್ರೆ ನಾಲ್ಕು ಹೊಡಿ ಅವರಿಗೆ, ಹೀಗೆ ಮಾಡಬೇಡ" ಎಂದಳು. ನಾನು ನಿಲ್ಲಿಸಲಿಲ್ಲ.

ಆಮೇಲೆ ವೇಲಚೇರಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ಕೆಲಸ ಹಿಡಿದು, ಅಲ್ಲೇ ಮೂರನೇ ಮಹಡಿಯಲ್ಲಿ ಮನೆ ಮಾಡಿದೆ. ಮದುವೆಗೆ ಒಪ್ಪಲಿಲ್ಲ. ನಿವೃತ್ತರಾದ ಮೇಲೆ ಅಪ್ಪ ಕೈಚೀಲದಲ್ಲಿ ಅಮ್ಮ ಮಾಡಿದ ಹುಳಿಪುಡಿಯೋ ಚಟ್ನಿಪುಡಿಯೋ ಹಿಡಿದು ಆಗಾಗ ಬರುತ್ತಿದ್ದರು. ಹಾಗೆ ಬಂದ ಒಂದು ಸಂಜೆ ಬಿಲ್ಡಿಂಗಿನವರೆಲ್ಲ ತಾರಸಿ ಹತ್ತಿದರು. ರಾಕೆಟ್ ಹಾರಿಸುವ ದಿನ ಅದು. ನಾವೂ ಹತ್ತಿದೆವು. ಉತ್ತರದಲ್ಲಿ ಮೋಡದ ಅಂಚಿನಿಂದ ಕಿತ್ತಳೆ ಬಣ್ಣದ ಚುಕ್ಕಿಯೊಂದು ಎದ್ದು, ಬಾಗುತ್ತ ಸಮುದ್ರದ ಕಡೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಮುಂದೆ ಇದರಲ್ಲಿ ನಮ್ಮ ಜನರನ್ನೂ ಕಳಿಸೋ ಯೋಚನೆ ಇದೆಯಂತೆ. ಪೇಪರ್‌ನಲ್ಲಿ ಬಂದಿತ್ತು," ಎಂದರು ಅಪ್ಪ. ಇನ್ನೂ ಮೇಲೆಯೇ ನೋಡುತ್ತಿದ್ದರು. "ಯಾವ ಅಪ್ಪ ಒಪ್ತಾನೋ."

"ಅಪ್ಪಂದಿರನ್ನು ಯಾರೂ ಕೇಳುವುದಿಲ್ಲ," ಎಂದೆ ತಮಿಳಿನಲ್ಲಿ.

ಅವರು ತಲೆಯಾಡಿಸಿದರು. ಕೆಳಗಿಳಿದು ಬಂದು, ನಾನು ಬಡಿಸಿಟ್ಟ ಊಟ ಬಿಟ್ಟು, ರೈಲಿಗೆ ಹೊತ್ತಾಯಿತು ಎಂದು ಹೊರಟರು. ಸ್ಟೇಷನ್ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ಕಳಿಸಲು ಹೋಗಲಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತೆ.